ಹನ್ನೆರಡನೆಯ ಪಾಠ ಎಲ್ಲಿ?

ಬ್ರೈಲ್ ಪುಸ್ತಕ ಅಚ್ಚುಹಾಕುವ ಆ ಪ್ರೆಸ್ಸಿನ ಮೂಲೆಯ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಪ್ರೂಫ್ ನೋಡುತ್ತಿರುವ ಹೆಂಗಸಿಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ‘ಪ್ರೂಫ್ ನೋಡುವುದು’ ಎನ್ನಲು ಹೊಸಬರು ಯಾರಾದರೂ ತಡವರಿಸಿದರೆ ಅವಳಿಗೆ ಮೈಯೆಲ್ಲ ಉರಿಯುತ್ತದೆ. “ನೋಡೋದೇ ರೀ ನಾನು. ನೀವು ಕಣ್ಣಲ್ಲಿ ನೋಡ್ತೀರಿ, ನಾನು ಬೆರಳಲ್ಲಿ ನೋಡ್ತೀನಿ. ಅದಕ್ಯಾಕೆ ನಾಲಿಗೆ ಕಚ್ಕೋತೀರಿ?” ಎಂದು ಕೇಳಿಯೇಬಿಡುತ್ತಾಳೆ. ದಪ್ಪ ಕಾಗದದ ಮೇಲೆ ಎದ್ದುನಿಂತ ಚುಕ್ಕಿಗಳಲ್ಲಿ ಒಂದೇ ಒಂದು ಹೆಚ್ಚಾಗಿದ್ದರೂ ಅವಳ ತೋರುಬೆರಳು ಅಲ್ಲೇ ನಿಂತುಬಿಡುತ್ತದೆ. ಹಾಗಾಗಿ ಪ್ರೆಸ್ಸಿನವರೆಲ್ಲ ಅವಳನ್ನು ಚುಕ್ಕಕ್ಕ ಎನ್ನುತ್ತಾರೆ. ಎದುರು ಕುರ್ಚಿಯವಳು ಮಾತ್ರ ಚುಕ್ಕಿ ಎನ್ನುತ್ತಾಳೆ.

ಎದುರು ಕುರ್ಚಿಯವಳು ಓದಕ್ಕ. ಅರವತ್ತರ ಹತ್ತಿರದವಳು, ಕಣ್ಣು ಕಾಣುವವಳು. ಕೆಲಸ ನಡೆಯುವುದು ಹೀಗೆ. ಚುಕ್ಕಿ ಬೆರಳಾಡಿಸುತ್ತ ಗಟ್ಟಿಯಾಗಿ ಓದಬೇಕು, ಓದಕ್ಕ ಮೂಲ ಪುಸ್ತಕವನ್ನು ಮುಂದಿಟ್ಟುಕೊಂಡು ತಾಳೆ ನೋಡಬೇಕು, ತಾಳೆಯಾಗದಿದ್ದರೆ ಪೆನ್ಸಿಲ್ಲಿನಿಂದ ಮೇಜಿಗೆ ಒಂದೇಟು ಹಾಕಿ ಸರಿಯಾದದ್ದನ್ನು ಓದಿ ಹೇಳಬೇಕು. ಅಷ್ಟೇ. ಇಪ್ಪತ್ತೆರಡು ವರ್ಷ ಈ ಇಬ್ಬರು ಒಂದು ಮೇಜಿನ ಎರಡು ಬದಿಗೆ ಕೂತು ಚರಿತ್ರೆ, ವಿಜ್ಞಾನ, ಲೆಕ್ಕ, ಎಲ್ಲವನ್ನೂ ಜಗಳವಾಡುತ್ತಲೇ ಮುಗಿಸಿದ್ದಾರೆ. ಒಬ್ಬರಿಗೆ ನೆಗಡಿಯಾದರೆ ಇನ್ನೊಬ್ಬರು ಸೀನುತ್ತಾರೆ ಎಂದು ಪ್ರೆಸ್ಸಿನವರ ಗೇಲಿ.

ಚುಕ್ಕಿಗೆ ಒಂದು ವಿಚಿತ್ರ ಹಟವಿತ್ತು. ಇಂಗ್ಲಿಷ್ ಪುಸ್ತಕದ ಪ್ರೂಫ್ ನೋಡುತ್ತಾಳೆ, ನೀರು ಕುಡಿದಷ್ಟು ಸಲೀಸಾಗಿ ಓದುತ್ತಾಳೆ. ಆದರೆ ತನ್ನದೇ ಒಂದು ವಾಕ್ಯವನ್ನು ಇಂಗ್ಲಿಷಿನಲ್ಲಿ ಆಡು ಎಂದರೆ ತುಟಿ ಹೊಲಿದುಕೊಳ್ಳುತ್ತಾಳೆ. “ಅದು ನನಗೆ ಬರಲ್ಲ. ನನ್ನ ತಲೆಗೆ ಹತ್ತೋದಿಲ್ಲ,” ಅಷ್ಟೇ ಉತ್ತರ. ಕಾರಣ ಗೊತ್ತಿದ್ದದ್ದು ಅವಳ ತಂಗಿಗೊಬ್ಬಳಿಗೇ. ಹದಿನೇಳನೇ ವಯಸ್ಸಿನಲ್ಲಿ, ಅಂಧ ಮಕ್ಕಳ ಶಾಲೆಯ ಹಾಸ್ಟೆಲಿನಲ್ಲಿದ್ದಾಗ, ಚುಕ್ಕಿ ಇಂಗ್ಲಿಷ್ ಪರೀಕ್ಷೆಯಲ್ಲಿ ಮೂರು ಮಾರ್ಕಿನಿಂದ ಫೇಲಾಗಿದ್ದಳು. ಟೀಚರ್ ಆಗಬೇಕೆಂದು ಕನಸು ಕಂಡಿದ್ದ ಹುಡುಗಿ. ತರಬೇತಿಗೆ ಸೀಟೂ ಸಿಕ್ಕಿತ್ತು. ಆ ಮೂರು ಮಾರ್ಕಿನಿಂದ ಅದು ಕೈತಪ್ಪಿತು. ಮರುವರ್ಷ ಏದುಸಿರು ಬಿಡುತ್ತ ಪಾಸಾದಳು ನಿಜ, ಅಷ್ಟರಲ್ಲಿ ಆ ತರಬೇತಿಯೇ ನಿಂತುಹೋಗಿತ್ತು.

ಆ ಪರೀಕ್ಷೆಯ ಒಂದು ಪ್ರಶ್ನೆ ಮಾತ್ರ ಅವಳ ತಲೆಯಿಂದ ಹೋಗಲೇ ಇಲ್ಲ. ಪ್ರಶ್ನೆ ಓದಿ, ಚುಕ್ಕಿ ಹೇಳಿದ ಉತ್ತರ ಬರೆದುಕೊಳ್ಳಲು ಕೂತಿದ್ದ ಹುಡುಗಿ ಹತ್ತು ನುಡಿಗಟ್ಟುಗಳನ್ನು ಓದಿ, ಇವುಗಳಲ್ಲಿ ಐದನ್ನು ಸ್ವಂತ ವಾಕ್ಯದಲ್ಲಿ ಬಳಸಬೇಕಂತೆ ಎಂದಳು. ಹತ್ತರಲ್ಲೂ ‘ಐ, ಐ, ಐ’ ಎಂದೇ ಕೇಳಿಸಿತು. ಕಣ್ಣು, ಕಣ್ಣು, ಕಣ್ಣು. ಇವಳು ನನ್ನನ್ನು ಆಡಿಕೊಳ್ಳುತ್ತಿದ್ದಾಳೆ ಎಂದುಕೊಂಡ ಚುಕ್ಕಿ “ಮುಂದಿನ ಪ್ರಶ್ನೆ ಓದು” ಎಂದಿದ್ದಳು. ಆಮೇಲೆ ಗೊತ್ತಾಯಿತು, ಪ್ರಶ್ನೆ ನಿಜವಾಗಿಯೂ ಇತ್ತು. ಉಳಿದವರೆಲ್ಲ ಎಲ್ಲಿಂದಲೋ ಕಲಿತಿದ್ದಾರೆ, ದಡ್ಡಿ ನಾನೊಬ್ಬಳೇ ಎಂದು ಅವತ್ತೇ ತೀರ್ಮಾನಿಸಿಬಿಟ್ಟಳು. ಇಪ್ಪತ್ತೈದು ವರ್ಷ ಆ ತೀರ್ಮಾನ ಅಲುಗಾಡಲಿಲ್ಲ.

ಅಲುಗಾಡಿಸಿದವನು ಒಬ್ಬ ಬಸ್ ಕಂಡಕ್ಟರ್.

ಓದಕ್ಕನಿಗೆ ಗಂಟಲು ಕಟ್ಟಿ, ಒಂದು ವಾರ ಉಸಿರೆತ್ತಕೂಡದು ಎಂದು ಡಾಕ್ಟರು ತಾಕೀತು ಮಾಡಿದ್ದರು. ಅವಳ ಕುರ್ಚಿಗೆ ಬಂದವನು ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತನಾದ ದೊಡ್ಡ ಗಂಟಲಿನ ಮನುಷ್ಯ. ಮನೆಯಲ್ಲಿ ಕೂತು ಹೆಂಡತಿಯ ಕೈಲಿ ಬೈಸಿಕೊಳ್ಳುವುದಕ್ಕಿಂತ ಇದೇ ವಾಸಿ ಎಂದು ಬಂದವನು. ಪೆನ್ಸಿಲ್ಲಿನಿಂದ ಮೇಜು ಕುಟ್ಟುವುದೆಲ್ಲ ಅವನಿಗೆ ಆಗಿಬರಲಿಲ್ಲ. ತಪ್ಪು ಕಂಡರೆ “ಸ್ಟಾಪ್!” ಎಂದು ಕಿರುಚುತ್ತಿದ್ದ, ಪುಟ ಮುಗಿದರೆ “ರೈಟ್, ರೈಟ್!” ಎನ್ನುತ್ತಿದ್ದ. ಮೊದಲ ದಿನ ಚುಕ್ಕಿ ಎರಡು ಸಲ ಬೆಚ್ಚಿಬಿದ್ದಳು, ಮೂರನೇ ದಿನಕ್ಕೆ ಅವಳಿಗೂ ಅದೇ ಹಿತವೆನಿಸತೊಡಗಿತು.

ಅಂದು ಕೈಯಲ್ಲಿದ್ದದ್ದು ಶಾಲೆಯ ಕೊನೇ ತರಗತಿಯ, ವರ್ಷಗಳಿಂದ ಬದಲಾಗದ ಇಂಗ್ಲಿಷ್ ಪುಸ್ತಕ. ಚುಕ್ಕಿ ಕೆಲಸಕ್ಕೆ ಸೇರುವ ಮೊದಲೇ ಮಾಡಿದ್ದ ಹಳೆಯ ಪ್ಲೇಟುಗಳು, ಅಂದರೆ ಅಚ್ಚಿನ ತಗಡುಗಳು, ಸವೆದಿದ್ದರಿಂದ ಹೊಸ ತಗಡಿನ ಮೇಲೆ ಪುಸ್ತಕವನ್ನು ಪೂರ್ತಿ ಮತ್ತೆ ಒತ್ತಿದ್ದರು. ಸಂಜೆ ನಾಲ್ಕಕ್ಕೆ ಪ್ಲೇಟುಗಳು ಅಚ್ಚಿಗೆ ಹೋಗಬೇಕು, ಮರುದಿನ ಶಾಲೆಯ ವ್ಯಾನು ಬರುತ್ತದೆ, ಪರೀಕ್ಷೆಗೆ ಇನ್ನು ಎರಡೇ ತಿಂಗಳು. ಬೆಳಿಗ್ಗೆ ಹತ್ತು ಗಂಟೆ. ಹನ್ನೊಂದನೇ ಪಾಠ ಮುಗಿಸಿ ಚುಕ್ಕಿ ಹನ್ನೆರಡಕ್ಕೆ ಬೆರಳಿಟ್ಟಳು. ಪತ್ರ ಬರೆಯುವ ಕ್ರಮ ಎಂದು ತಲೆಬರಹ ಓದಿದಳು.

“ಸ್ಟಾಪ್! ಸ್ಟಾಪ್!”

“ಏನ್ರೀ ಅದು?”

“ಅಕ್ಕೋರೆ, ಒಂದು ಸ್ಟಾಪ್ ಬಿಟ್ಟು ಮುಂದೆ ಹೋಗ್ಬಿಟ್ರಿ.”

“ನಾನಾ?” ಚುಕ್ಕಿಗೆ ಮೂಗಿನ ತುದಿಗೇ ಕೋಪ ಬಂತು. “ಇಪ್ಪತ್ತೆರಡು ವರ್ಷದಲ್ಲಿ ಒಂದು ಫುಲ್‌ಸ್ಟಾಪ್ ಬಿಟ್ಟವಳಲ್ಲ ನಾನು. ಪಾಠ ಹನ್ನೆರಡು, ಪತ್ರ ಬರೆಯೋದು. ಇಲ್ಲೇ ಇದೆ.”

“ಇಲ್ಲಿ ಪತ್ರ ಬರೆಯೋದು ಹದಿಮೂರು. ಹನ್ನೆರಡು ಬೇರೇನೇ ಇದೆ.”

“ಏನಿದೆ?”

ತುಂಬಿದ ಬಸ್ಸನ್ನು ಒಂದೇ ಕೂಗಿಗೆ ಸುಮ್ಮನಾಗಿಸುತ್ತಿದ್ದ ಗಂಟಲು ಕೆಳಗಿಳಿಯಿತು. “ಅದು... ಇಂಗ್ಲಿಷ್ ನುಡಿಗಟ್ಟುಗಳು. ಕಣ್ಣು ಅನ್ನೋ ಪದ ಬರೋವು. ಬಿಡಿ ಅಕ್ಕೋರೆ, ಬೇಕಂತಲೇ ಬಿಟ್ಟಿರ್ತಾರೆ.”

“ಓದಿ.”

“ಯಾಕೆ ಸುಮ್ನೆ...”

“ಓದಿ ಅಂದೆ!”

ಅವನು ಓದಿದ. ಇನ್ ದ ಬ್ಲಿಂಕ್ ಆಫ್ ಆ್ಯನ್ ಐ. ಟು ಸೀ ಐ ಟು ಐ. ದ ಆ್ಯಪಲ್ ಆಫ್ ಒನ್ಸ್ ಐ. ಮೂರನೆಯದಕ್ಕೆ ಚುಕ್ಕಿ ಪುಟದಿಂದ ಬೆರಳೆತ್ತಿದಳು. ಪರೀಕ್ಷೆಯ ಕೋಣೆ, ಮುರಿದ ಬೆಂಚು, ಆ ಹುಡುಗಿಯ ದನಿ, ಎಲ್ಲ ಒಮ್ಮೆಗೇ ಎದುರು ಬಂದವು. ನಾಲ್ಕನೆಯದನ್ನು ಅವನು ಓದುವ ಮೊದಲೇ ಅವಳೇ ಹೇಳಿದಳು. ಐದನೆಯದನ್ನೂ.

“ಗೊತ್ತಿದೆಯಲ್ಲ ನಿಮಗೆ!” ಎಂದ ಕಂಡಕ್ಟರ್.

ಚುಕ್ಕಿ ಫೋನ್ ತೆಗೆದು ತಂಗಿಗೆ ಹಚ್ಚಿದಳು. ತಂಗಿ, ಅವಳ ಗಂಡ, ಚುಕ್ಕಿ, ಮೂವರೂ ಇರುವುದು ಒಂದೇ ಮನೆಯಲ್ಲಿ. ಬೆಳಿಗ್ಗೆಯಷ್ಟೇ ಬಾತ್ರೂಮಿನ ಬಕೆಟ್ ಜಾಗ ಬದಲಿಸಿದ್ದಕ್ಕೆ ಅಕ್ಕತಂಗಿಯರ ಮಹಾಯುದ್ಧವಾಗಿತ್ತು.

“ಬಕೆಟ್ ವಿಷಯ ಆಗಿದ್ರೆ ಫೋನ್ ಇಡ್ತೀನಿ,” ಎಂದಳು ತಂಗಿ.

“ಬಕೆಟ್ ಹಾಳಾಗ್ಲಿ. ನಮ್ಮ ಕಾಲದ ಇಂಗ್ಲಿಷ್ ಪುಸ್ತಕದಲ್ಲಿ ಕಣ್ಣಿನ ನುಡಿಗಟ್ಟುಗಳ ಪಾಠ ಇತ್ತೇನೇ?”

“ಇತ್ತಲ್ಲ! ಗ್ಯಾರಂಟಿ ಪ್ರಶ್ನೆ ಅದು, ಪ್ರತಿ ವರ್ಷ ಐದು ಮಾರ್ಕಿಗೆ ಬಂದೇ ಬರೋದು. ಪಾತ್ರೆ ತೊಳೀತಾ ಬಾಯಿಪಾಠ ಮಾಡ್ತಿದ್ದೆ. ನೀನು ರಜೆಗೆ ಬಂದಾಗ ‘ಏನೇ ಅದು ಐ ಐ ಅಂತ ಹಲ್ಲುನೋವು ಬಂದವಳ ಹಾಗೆ’ ಅಂತ ಬೈದಿದ್ದೆ, ಮರೆತೆಯಾ? ಯಾಕಕ್ಕ, ಏನಾಯ್ತು?”

ಇನ್ನೇನು ಚುಕ್ಕಿ ಅತ್ತುಬಿಡುತ್ತಾಳೆ ಎಂದು ಕಂಡಕ್ಟರ್ ಕರವಸ್ತ್ರ ಹುಡುಕುತ್ತಿದ್ದ. ಆದದ್ದೇ ಬೇರೆ. ಚುಕ್ಕಿ ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದುನಿಂತಳು. ಅವಳ ಮುಖ ಊರಗಲವಾಗಿತ್ತು.

“ನಾನು ದಡ್ಡಿಯಲ್ಲ ಕಂಡಕ್ಟರೇ! ನನಗೆ ಪಾಠಾನೇ ಕೊಟ್ಟಿರಲಿಲ್ಲ! ನನ್ನ ಪುಸ್ತಕದಲ್ಲಿ ಅದು ಇರಲೇ ಇಲ್ಲ ರೀ!”

ಕಂಡಕ್ಟರಿಗೆ ತಲೆಬುಡ ತಿಳಿಯದಿದ್ದರೂ “ಅಲ್ವೇ ಅಲ್ಲ!” ಎಂದು ಕೂಗಿದ. ಇಪ್ಪತ್ತೈದು ವರ್ಷದ ಕಲ್ಲೊಂದು ಎದೆಯಿಂದ ಉರುಳಿಹೋದ ಸಂತೋಷಕ್ಕೆ ಅವಳಿಗೆ ಕುಣಿಯಬೇಕೆನಿಸಿತು, ಜಾಗವಿರಲಿಲ್ಲ. ಮರುಕ್ಷಣವೇ ಇನ್ನೊಂದು ಹೊಳೆಯಿತು. ಅಂದಿನಿಂದ ಇಂದಿನವರೆಗೆ ಪ್ರತಿ ವರ್ಷ ಅಂಧ ಮಕ್ಕಳು ಇದೇ ಐದು ಮಾರ್ಕು ಕಳೆದುಕೊಳ್ಳುತ್ತಲೇ ಇದ್ದಾರೆ. ಇಂದು ನಾಲ್ಕು ಗಂಟೆಗೆ ಈ ಪುಸ್ತಕ ಹೀಗೇ ಅಚ್ಚಿಗೆ ಹೋದರೆ ಈ ವರ್ಷದ ಮಕ್ಕಳೂ ಕಳೆದುಕೊಳ್ಳುತ್ತಾರೆ.

ಅವಳು ಮ್ಯಾನೇಜರ ಕೋಣೆಗೆ ಹೋದದ್ದಲ್ಲ, ನುಗ್ಗಿದ್ದು. ಅವರು ಪಾಪ, ಸಭ್ಯರು. ಹಳೆಯ ಫೈಲು ತೆಗೆಸಿದರು. ಅದರಲ್ಲಿ ಹಳದಿಗಟ್ಟಿದ ಚೀಟಿಯೊಂದು ಪಿನ್ನಿನ ಸಮೇತ ಕೂತಿತ್ತು. ಕಂಡಕ್ಟರ್ ಓದಿದ. ಹನ್ನೆರಡನೇ ಪಾಠ ಬೇಡ, ಮಕ್ಕಳ ಮನಸ್ಸಿಗೆ ನೋವಾಗುತ್ತದೆ, ಮುಂದಿನ ಪಾಠಗಳ ಸಂಖ್ಯೆ ಸರಿಮಾಡಿಕೊಳ್ಳುವುದು. ಕೆಳಗೆ ಸಹಿಯಿಲ್ಲ. ಈಗ ಹೊಸ ಪ್ಲೇಟು ಒತ್ತಿದವನೂ ಆ ಚೀಟಿಯನ್ನೇ ಆಜ್ಞೆ ಎಂದು ಪಾಲಿಸಿದ್ದ. ಕನಿಕರದಷ್ಟು ಸೋಮಾರಿಯಾದದ್ದು ಇನ್ನೊಂದಿಲ್ಲ. ನೋವಾಗುತ್ತದೆಯೇ ಎಂದು ಎದುರಿಗಿದ್ದವರನ್ನು ಒಂದು ಮಾತು ಕೇಳುವಷ್ಟೂ ಅದಕ್ಕೆ ಪುರುಸೊತ್ತಿರುವುದಿಲ್ಲ.

“ಬರೆದವರ ಉದ್ದೇಶ ಒಳ್ಳೇದೇ ಅಲ್ವೇನಮ್ಮ?” ಎಂದರು ಮ್ಯಾನೇಜರು. “ಕಣ್ಣು ಮಿಟುಕಿಸೋ ಅಷ್ಟರಲ್ಲಿ ಅಂದ್ರೆ ಆ ಮಕ್ಕಳಿಗೆ ಹ್ಯಾಗೆ ಅರ್ಥ ಆಗುತ್ತೆ?”

“ಸಾರ್, ಹೋದ ವಾರ ನಾನು ನಿಮಗೆ ಏನಂದೆ? ಕಣ್ಣು ಮಿಟುಕಿಸೋ ಅಷ್ಟರಲ್ಲಿ ಪ್ರೂಫ್ ಮುಗಿಸ್ಕೊಡ್ತೀನಿ ಅಂದೆ. ನಿಮಗೆ ಅರ್ಥ ಆಯ್ತು, ನನಗೂ ಆಯ್ತು. ನನ್ನ ತಂಗಿ ಗಂಡ ಹೊಸ ಶರ್ಟ್ ಹಾಕ್ಕೊಂಡ್ರೆ ಎಲ್ಲರ ಕಣ್ಣು ಕುಕ್ಕೋ ಹಾಗಿದೆ ಬಿಡಿ ಅಂತ ರೇಗಿಸೋಳು ನಾನೇ. ಮಾತು ಎಲ್ಲರದ್ದೂ ಅಲ್ವಾ ಸಾರ್?”

“ಅದ್ಸರಿ, ಆದ್ರೆ ಇದು? ಟರ್ನ್ ಎ ಬ್ಲೈಂಡ್ ಐ. ಇದಂತೂ ಬೇಡವೇ ಬೇಡಮ್ಮ. ಓದೋಕೇ ಮುಜುಗರ.”

“ಹಾಗಂದ್ರೆ ಕಂಡೂ ಕಾಣದ ಹಾಗೆ ಇರೋದು. ಕಂಡೂ ಕಾಣದ ಹಾಗೆ ಇರಬೇಕಾದ್ರೆ ಮೊದಲು ಕಾಣಬೇಕು ಸಾರ್. ಅದು ನಮ್ಮನ್ನ ಅಂದ ಮಾತಲ್ಲ, ನಿಮ್ಮನ್ನ ಅಂದಿದ್ದು.”

ಕಂಡಕ್ಟರ್ ಬಾಗಿಲಲ್ಲೇ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕ. ಮ್ಯಾನೇಜರಿಗೂ ನಗು ತಡೆಯಲಾಗಲಿಲ್ಲ. ಆದರೆ ಗಡಿಯಾರ ನೋಡಿ ಮುಖ ಸಪ್ಪಗೆ ಮಾಡಿಕೊಂಡರು. ಮೂರು ಪುಟದ ಪಾಠ, ಬ್ರೈಲಿನಲ್ಲಿ ಎಂಟು ಪುಟ. ಪ್ಲೇಟು ಒತ್ತುವವನು ಒಬ್ಬನೇ. ಅವನು ಮುಂದಿನ ಪಾಠಗಳ ಹಳೆಯ ಸಂಖ್ಯೆಯನ್ನು ಸುತ್ತಿಗೆಯಿಂದ ತಟ್ಟಿ ಅಳಿಸಿ ಹೊಸದು ಒತ್ತಬೇಕೋ, ಎಂಟು ಪುಟ ಹೊಸದಾಗಿ ಮಾಡಬೇಕೋ? ಇನ್ನೊಂದು ಮೆಷಿನ್ ಇದೆ, ಕೂರುವವರಿಲ್ಲ. “ನಾಲ್ಕರೊಳಗೆ ಪ್ರೂಫ್ ಆದ ಪ್ಲೇಟು ನನ್ನ ಮೇಜಿನ ಮೇಲಿದ್ರೆ ಪಾಠ ಸೇರುತ್ತೆ,” ಎಂದರು. “ಇಲ್ಲದಿದ್ರೆ ಇಲ್ಲ. ಮಕ್ಕಳು ಪುಸ್ತಕ ಇಲ್ಲದೆ ಕೂತಿದ್ದಾರಮ್ಮ.”

“ಓದಕ್ಕ ಕೂರ್ತಾಳೆ,” ಎಂದಳು ಚುಕ್ಕಿ. “ನನ್ನ ಎದುರು ಬಂದು ಕೂರೋದಕ್ಕೆ ಮುಂಚೆ ಅವಳು ಮೆಷಿನ್ ಮೇಲೇ ಇದ್ದೋಳು. ಅದಕ್ಕೆ ಗಂಟಲು ಬೇಕಾಗಿಲ್ಲ.”

ಓದಕ್ಕನ ಮನೆ ಎರಡು ಬೀದಿ ಆಚೆ, ಮೆಟ್ಟಿಲು ಹತ್ತಿ ಎಡಕ್ಕೆ. ಕಂಡಕ್ಟರ್ ಜೊತೆಗಿದ್ದರೂ ಚುಕ್ಕಿಯೇ ಮುಂದೆ, ಅವಳ ಕೋಲಿನ ಸದ್ದಿಗೆ ಜನ ದಾರಿ ಬಿಡುತ್ತಿದ್ದರು. ಬಾಗಿಲು ತೆರೆದ ಓದಕ್ಕನಿಂದ ಮಾತಿಲ್ಲ, ಕಷಾಯದ ವಾಸನೆ ಮಾತ್ರ. ಅಡುಗೆಮನೆಯ ಮೇಜಿನ ಮುಂದೆ ಕೂತು ಚುಕ್ಕಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಹನ್ನೆರಡನೇ ಪಾಠ, ಚೀಟಿ, ನಾಲ್ಕು ಗಂಟೆ. ಆ ಭರದಲ್ಲಿ, ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಬಾಯಿಬಿಡದಿದ್ದ ಮೂರು ಮಾರ್ಕಿನ ಕಥೆಯನ್ನೂ ಹೇಳಿಬಿಟ್ಟಳು. “ಯಾವ ಪುಣ್ಯಾತ್ಮ ಬರೆದನೋ ಆ ಚೀಟಿ! ಸಿಕ್ಕಿದ್ರೆ ಚೆನ್ನಾಗಿ ಬೆಂಡೆತ್ತುತ್ತಿದ್ದೆ ಅಕ್ಕ. ಬಾ, ಏಳು, ಹೊತ್ತಾಗುತ್ತೆ.”

ಓದಕ್ಕ ಏಳಲಿಲ್ಲ. ಡ್ರಾಯರ್ ಎಳೆದ ಸದ್ದಾಯಿತು. ಆಮೇಲೆ ಟಕ್, ಟಕ್, ಟಕ್ ಎಂದು ಕಾಗದ ಚುಚ್ಚುವ ಸದ್ದು. ಕೈಯಲ್ಲೇ ಬ್ರೈಲ್ ಬರೆಯುವ ಸ್ಲೇಟನ್ನು ಅವಳು ಹೊರತೆಗೆದಿದ್ದಳು. ಚುಕ್ಕಿ ಕಾಯುತ್ತ ಕೂತಳು. ಆ ಸದ್ದು ಬಹಳ ಹೊತ್ತು ನಡೆಯಿತು. ಕೊನೆಗೆ ಕಾಗದ ಅವಳ ಬೆರಳ ಕೆಳಗೆ ಬಂತು.

ಓದುವುದೆಂದರೆ ಗಟ್ಟಿಯಾಗಿ ಓದುವುದು ಎಂಬುದು ಇವರಿಬ್ಬರ ನಡುವಿನ ಪದ್ಧತಿ. ಅಂದು ಮೊದಲ ಸಲ ಚುಕ್ಕಿ ಅವಳೆದುರು ಸದ್ದಿಲ್ಲದೆ ಓದಿದಳು.

‘ಚೀಟಿ ಬರೆದವಳು ನಾನೇ. ಆಗ ನಾನು ಕೆಲಸಕ್ಕೆ ಹೊಸಬಳು. ಪ್ರತಿ ಸಾಲಿನಲ್ಲೂ ಕಣ್ಣು, ಕಣ್ಣು ಎಂದು ಒತ್ತುತ್ತಾ ನನಗೇ ಅಳು ಬಂತು. ಮಕ್ಕಳು ಅಳುತ್ತಾರೆ ಅಂದುಕೊಂಡೆ. ಮೇಲಿನವರು ಹೂಂ ಅಂದರು. ಆಮೇಲೆ ಮರೆತೇಬಿಟ್ಟೆ. ಇದರಿಂದ ಯಾರಿಗಾದರೂ ಮಾರ್ಕು ಹೋಗುತ್ತದೆ ಎಂದು ಹೊಳೆಯಲೇ ಇಲ್ಲ. ಹೋದದ್ದು ನಿನ್ನ ಮಾರ್ಕು ಎಂದು ಗೊತ್ತಿರಲಿಲ್ಲ.’

ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಕಂಡಕ್ಟರ್ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡುತ್ತ ನಿಂತಿದ್ದ.

“ಎರಡನೇ ಸಾಲಲ್ಲಿ ಒಂದು ಚುಕ್ಕಿ ಹೆಚ್ಚಾಗಿದೆ,” ಎಂದಳು ಚುಕ್ಕಿ. ಅಭ್ಯಾಸಬಲ. ಆಮೇಲೆ ಅವಳ ದನಿ ಏರಿತು. “ಅಳ್ತಾರೆ ಅಂತ ನಿನಗೆ ಯಾರು ಹೇಳಿದ್ರು? ನಮ್ಮ ಹಾಸ್ಟೆಲಲ್ಲಿ ಕಣ್ಣಾಮುಚ್ಚಾಲೆ ಆಡ್ತಿದ್ವಿ ಕಣೇ ನಾವು, ಒಬ್ಬಳಿಗೂ ಬಟ್ಟೆ ಕಟ್ಟೋದು ಬೇಕಾಗಿಲ್ಲ ಅಂತ ಬಿದ್ದೂ ಬಿದ್ದೂ ನಗ್ತಾ! ಒಬ್ಬರನ್ನಾದ್ರೂ ಬಂದು ಕೇಳಿದ್ದೀಯಾ? ಮೂರು ಮಾರ್ಕು ಅಕ್ಕ. ಮೂರೇ ಮೂರು. ನಾನು ಇವತ್ತು ತರಗತಿಯಲ್ಲಿ ನಿಂತು ಪಾಠ ಮಾಡ್ತಿರಬೇಕಿತ್ತು.”

ಓದಕ್ಕನ ಗಂಟಲಿನಿಂದ ಗಾಳಿಯಂಥ ಒಂದು ಸದ್ದು ಬಂತು. ಅಳುತ್ತಿದ್ದಾಳೆ ಎಂದು ಚುಕ್ಕಿಗೆ ತಿಳಿಯಿತು. ಅವಳಿಗೆ ಸಿಟ್ಟು ಉಕ್ಕಿ ಬರುತ್ತಿತ್ತು, ಜೊತೆಗೇ ಆ ಅಳು ಕೇಳಿ ಅವಳ ಕಣ್ಣೊರೆಸಬೇಕೆನಿಸುತ್ತಿತ್ತು. ಎರಡರಲ್ಲಿ ಯಾವುದನ್ನು ಮೊದಲು ಮಾಡುವುದು? ಅಷ್ಟರಲ್ಲಿ ಎಲ್ಲೋ ಹನ್ನೊಂದು ಹೊಡೆಯಿತು.

“ಅಳೋದು ನಾಲ್ಕು ಗಂಟೆ ಆದ್ಮೇಲೆ,” ಎಂದಳು. “ನಾನು ಬೈಯೋದೂ ಆಮೇಲೇ. ಚಪ್ಪಲಿ ಹಾಕ್ಕೋ.”

ಆ ಮಧ್ಯಾಹ್ನ ಪ್ರೆಸ್ಸಿನಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಮೊದಲನೇ ಮೆಷಿನ್ನಿನಲ್ಲಿ ಪ್ಲೇಟಿನವನು ಸುತ್ತಿಗೆ ತಟ್ಟುತ್ತಿದ್ದ. ಎರಡನೇ ಮೆಷಿನ್ನಿನ ಧೂಳೊರೆಸಿ ಓದಕ್ಕ ಕೂತಳು. ಇಪ್ಪತ್ತೆರಡು ವರ್ಷ ಮುಟ್ಟದ ಕೀಲಿಗಳು. ಮೊದಲ ತಗಡಿನಲ್ಲಿ ನಾಲ್ಕು ತಪ್ಪು ಬಂತು, ಎರಡನೆಯದರಲ್ಲಿ ಒಂದು, ಮೂರನೆಯದು ಗಂಧ ತೇಯ್ದಷ್ಟು ನುಣುಪು. ಕಾಲು ಪೆಡಲ್ ಒತ್ತಿದಾಗಲೆಲ್ಲ ತಗಡು ಢಣ್ ಎನ್ನುತ್ತಿತ್ತು. ಉಳಿದ ಪಾಠಗಳ ಪ್ರೂಫನ್ನು ಚುಕ್ಕಿ ಬಿಡುವಿದ್ದಾಗಲೆಲ್ಲ ಮುಗಿಸುತ್ತ ಬಂದಳು. ತಗಡು ಆಚೆ ಬಂದ ತಕ್ಷಣ ಕರಡು ಪ್ರತಿ, ಕರಡು ಬಂದ ತಕ್ಷಣ ಚುಕ್ಕಿಯ ಬೆರಳು, ಬೆರಳು ಸರಿದ ಹಾಗೆ ಕಂಡಕ್ಟರನ ಕೂಗು.

“ರೈಟ್, ರೈಟ್! ಅಕ್ಕೋರೆ, ಒಂದು ಡೌಟು. ಆ್ಯಪಲ್ ಆಫ್ ದ ಐ ಅಂತೆ. ಕಣ್ಣೊಳಗೆ ಸೇಬು ಹ್ಯಾಗೆ ಬಂತು?”

“ನಮ್ಮಲ್ಲಿ ಕಣ್ಮಣಿ ಅಂತಾರಲ್ಲ, ಅಲ್ಲಿ ಮಣಿ ಹ್ಯಾಗೆ ಬಂತೋ ಹಾಗೇ. ಮುಂದೆ ಹೋಗ್ರೀ!”

“ಸೀ ಐ ಟು ಐ, ಒಮ್ಮತ ಇರೋದು. ನಾನೂ ನನ್ನ ಡ್ರೈವರೂ ಮೂವತ್ತು ವರ್ಷದಲ್ಲಿ ಒಂದ್ಸಲಾನೂ... ಸ್ಟಾಪ್! ಇಲ್ಲಿ ಕಾಮಾ ಇದೆ!”

ಮೂರೂ ಕಾಲಿಗೆ ಆರನೇ ಪುಟ. ಮ್ಯಾನೇಜರು ಕೈ ಹಿಂದೆ ಕಟ್ಟಿಕೊಂಡು ಬಂದು ನಿಂತರು. ಪುಸ್ತಕ ಕಟ್ಟುವ ವಿಭಾಗದವರು, ಲೆಕ್ಕ ಬರೆಯುವವರು, ಎಲ್ಲರೂ ಒಬ್ಬೊಬ್ಬರೇ ಬಂದು ಗೋಡೆಗೆ ಒರಗಿದರು. ಏಳನೇ ಪುಟ. ಚುಕ್ಕಿಯ ಬೆರಳು ಬೆವೆತು ಜಾರುತ್ತಿತ್ತು, ಸೀರೆಗೆ ಒರೆಸಿಕೊಂಡು ಮತ್ತೆ ಇಟ್ಟಳು. ಎಂಟನೇ ಪುಟದ ಕೊನೆಯ ಸಾಲು ಅದೇ ಹಳೇ ಪ್ರಶ್ನೆ, ಇವುಗಳಲ್ಲಿ ಐದನ್ನು ಸ್ವಂತ ವಾಕ್ಯದಲ್ಲಿ ಬಳಸಿ. ಅದನ್ನು ಮಾತ್ರ ಅವಳು ಎರಡು ಸಲ ಓದಿದಳು.

“ರೈಟ್! ರೈಟ್! ರೈ...ಟ್!” ಕಂಡಕ್ಟರ್ ಕೂಗಿದ ಕೂಗಿಗೆ ಕಿಟಕಿಯ ಗಾಜು ಅದುರಿತು. ನಾಲ್ಕಕ್ಕೆ ಮೂರು ನಿಮಿಷವಿತ್ತು. ಜನ ಚಪ್ಪಾಳೆ ತಟ್ಟಿದರು. ಮ್ಯಾನೇಜರು ಪ್ಲೇಟುಗಳನ್ನು ಮಗುವನ್ನು ಎತ್ತಿಕೊಂಡ ಹಾಗೆ ಎದೆಗವುಚಿಕೊಂಡು ಅಚ್ಚಿನ ಕೋಣೆಗೆ ತಾವೇ ಹೊತ್ತುಕೊಂಡು ಹೋದರು.

ಗದ್ದಲ ಕರಗಿದ ಮೇಲೆ ಮೂಲೆಯ ಕೋಣೆಯಲ್ಲಿ ಇಬ್ಬರೇ ಉಳಿದರು. ಕಂಡಕ್ಟರ್ ಬಾಗಿಲ ಹೊರಗೆ ಚಹಾ ಹಿಡಿದು ನಿಂತಿದ್ದ, ಒಳಗೆ ಬರುವ ಧೈರ್ಯವಾಗಲಿಲ್ಲ. ಈಗ ಬೈಗುಳ ಶುರುವಾಗುತ್ತದೆ ಎಂದು ಓದಕ್ಕ ತಲೆ ತಗ್ಗಿಸಿ ಕಾಯುತ್ತಿದ್ದಳು.

“ಪೆನ್ಸಿಲ್ ತಗೋ,” ಎಂದಳು ಚುಕ್ಕಿ. “ನನ್ನ ಹಳೇ ಪರೀಕ್ಷೆ ಬಾಕಿ ಇದೆ. ತಿದ್ದು.”

ನೆಟ್ಟಗೆ ಕೂತು, ಕೈಕಟ್ಟಿಕೊಂಡು, ಅವಳು ಇಂಗ್ಲಿಷಿನಲ್ಲಿ ಶುರುಮಾಡಿದಳು. ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ, ತನ್ನದೇ ವಾಕ್ಯ. ಇವತ್ತು ಕಣ್ಣಿನವರೆಗೂ ಕೆಲಸದಲ್ಲಿ ಮುಳುಗಿದ್ದೆ. ಕಣ್ಣು ಮಿಟುಕಿಸುವಷ್ಟರಲ್ಲಿ ನಾಲ್ಕು ಗಂಟೆಯಾಯಿತು. ಈ ಕಂಡಕ್ಟರ್ ಕಣ್ಣಿಗೆ ಕಾಣುವುದಕ್ಕಿಂತ ಹೆಚ್ಚಿನವನು. ನನ್ನ ತಂಗಿ ನನ್ನ ಕಣ್ಮಣಿ, ಬಕೆಟ್ ಜಾಗ ಬದಲಿಸದಿದ್ದರೆ. ಪ್ರತಿ ವಾಕ್ಯದ ಕೊನೆಗೂ ಪೆನ್ಸಿಲ್ ಕಾಗದದ ಮೇಲೆ ಗೀಚಿದ ಸದ್ದು ಕೇಳುತ್ತಿತ್ತು. ಐದನೆಯದಕ್ಕೆ ಅವಳು ಸ್ವಲ್ಪ ತಡೆದಳು.

“ಮೈ ಫ್ರೆಂಡ್ ಆ್ಯಂಡ್ ಐ ಡು ನಾಟ್ ಸೀ ಐ ಟು ಐ.”

ನನಗೂ ನನ್ನ ಗೆಳತಿಗೂ ಒಮ್ಮತವಿಲ್ಲ. ಪೆನ್ಸಿಲ್ ಸುಮ್ಮನಾಯಿತು. ಸ್ಲೇಟಿನ ಟಕ್ ಟಕ್ ಶುರುವಾಯಿತು, ಈ ಸಲ ಚಿಕ್ಕದು. ಕಾಗದ ಮೇಜಿನ ಮೇಲೆ ಜರುಗಿ ಬಂತು. ಚುಕ್ಕಿ ಬೆರಳಿಟ್ಟು, ಈ ಬಾರಿ ಪದ್ಧತಿಯಂತೆ ಗಟ್ಟಿಯಾಗಿಯೇ ಓದಿದಳು.

“ಐದಕ್ಕೆ ನಾಲ್ಕು. ಕೊನೆಯದು ಸುಳ್ಳು.”

ಆಮೇಲೆ ಚುಕ್ಕಿ ನಗತೊಡಗಿದಳು, ನಗುತ್ತಲೇ ಅತ್ತಳು, ಅಳುತ್ತಲೇ ಮೇಜಿನಾಚೆ ಕೈಚಾಚಿ ಓದಕ್ಕನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹೊರಗೆ ನಿಂತ ಕಂಡಕ್ಟರ್ ತಡೆಯಲಾರದೆ ಇಣುಕಿ ಕೇಳಿದ, “ಏನಾಯ್ತು ಅಕ್ಕೋರೆ?”

“ಪಾಸಾದೆ ರೀ,” ಎಂದಳು ಚುಕ್ಕಿ. “ನನಗೆ ಬೇಕಾಗಿದ್ದಿದ್ದು ಮೂರೇ.”